ಕಾಯಿಲೆ ಇದ್ದವರು ವಿಮಾನ ಹಾರಿಸಬಹುದೆ?

ನವಲಗುಂದದ ಕಡೆ ಒಂದು ಒಕ್ಕಲುತನದ ಮನೆ ಇದೆ ಎಂದಿಟ್ಟುಕೊಳ್ಳಿ. ಹಿರಿಮಗ ವಾಯವ್ಯ ಕರ್ನಾಟಕ ಸಾರಿಗೆ ಸಂಸ್ಥೆಯ ಬಸ್ಸಿಗೆ ಡ್ರೈವರ್. ಕಿರಿಮಗ ಬೈಕಿನ ಮೇಲೆ ದಿನಾ ಹುಬ್ಬಳ್ಳಿಗೆ ಹೋಗಿಬರುತ್ತಾನೆ. ಸೊಸೆ ಸ್ವಸಹಾಯ ಸಂಘದ ಕಡೆಯಿಂದ ತರಬೇತಿ ಪಡೆದು ಹೆಸರು, ಕಡಲೆ ಹೊಲಗಳಿಗೆ ಡ್ರೋನಿನಿಂದ ಔಷಧ ಹೊಡೆಯುತ್ತಾಳೆ. ಮಗಳು ವಿಮಾನ ಹಾರಿಸಲು ಕಲಿಯುತ್ತೇನೆಂದು ಹಟ ಹಿಡಿದಿದ್ದಾಳೆ. ಈ ನಾಲ್ವರಿಗೂ ಸಕ್ಕರೆ ಕಾಯಿಲೆ ಇದೆ, ನಾಲ್ವರೂ ಇನ್ಸುಲಿನ್ ಚುಚ್ಚಿಕೊಳ್ಳುತ್ತಾರೆ ಎನ್ನಿ. ಕಾಯಿಲೆ ಒಂದೇ, ಕಾನೂನು ಮಾತ್ರ ಒಬ್ಬೊಬ್ಬರನ್ನು ಒಂದೊಂದು ಕಣ್ಣಿನಿಂದ ನೋಡುತ್ತದೆ.

ಬೈಕಿನವನಿಗೆ ಕಾನೂನು ಕೇಳುವುದು ಅವನದೇ ಸಹಿಯ ಒಂದು ಘೋಷಣೆ. ನಮೂನೆ 1ರಲ್ಲಿ ಮೊದಲ ಪ್ರಶ್ನೆಯೇ ಮೂರ್ಛೆರೋಗ, ಹಠಾತ್ ಪ್ರಜ್ಞೆ ತಪ್ಪುವುದು, ತಲೆಸುತ್ತು ಇವೆಯೇ ಎಂಬುದು. ‘ಇಲ್ಲ’ ಎಂದು ಗುರುತು ಹಾಕಿದರೆ ಮುಗಿಯಿತು. 2019ರ ತಿದ್ದುಪಡಿಯ ನಂತರ 30ರೊಳಗಿನವರಿಗೆ ಕೊಟ್ಟ ಲೈಸೆನ್ಸ್ 40 ತುಂಬುವವರೆಗೆ ನಡೆಯುತ್ತದೆ. ಅಲ್ಲಿಯವರೆಗೆ ಅವನ ಆರೋಗ್ಯ ಏನಾಯಿತೆಂದು ಯಾರೂ ವಿಚಾರಿಸುವುದಿಲ್ಲ. ಬಸ್ಸಿನವನಿಗೆ ವೈದ್ಯರ ಸಹಿಯ ನಮೂನೆ 1ಎ ಬೇಕು, ಐದು ವರ್ಷಕ್ಕೊಮ್ಮೆ ನವೀಕರಣವಾಗಬೇಕು. ಡ್ರೋನಿನವಳಿಗೆ 2021ರ ಡ್ರೋನ್ ನಿಯಮಗಳು ಹಾಕಿರುವ ಷರತ್ತು ಮೂರೇ: ವಯಸ್ಸು 18ರಿಂದ 65ರೊಳಗೆ, ಹತ್ತನೇ ತರಗತಿ ಪಾಸು, ಮಾನ್ಯತೆ ಪಡೆದ ಸಂಸ್ಥೆಯ ತರಬೇತಿ. ಸರ್ಟಿಫಿಕೇಟ್ ಸಿಕ್ಕರೆ ಹತ್ತು ವರ್ಷ ಚಿಂತೆಯಿಲ್ಲ. ವಿಮಾನ ಕಲಿಯಬೇಕೆನ್ನುವ ಮಗಳಿಗೆ ಮಾತ್ರ ಕಣ್ಣು, ಕಿವಿ, ಎದೆ, ರಕ್ತ, ಮೂತ್ರ, ನರ, ಮನಸ್ಸು ಎಲ್ಲವನ್ನೂ ತಪಾಸಿಸಿ, ‘ಇನ್ಸುಲಿನ್ ಎಂದಿರಾ? ಅನರ್ಹ’ ಎಂದು ಬಾಗಿಲು ಹಾಕಲಾಗುತ್ತದೆ.

ಈ ತಾರತಮ್ಯದಲ್ಲಿ ಅರ್ಥವಿದೆಯೆ? ಸ್ವಲ್ಪ ಇದೆ. ಬಸ್ಸನ್ನು ರಸ್ತೆ ಬದಿಗೆ ತಂದು ನಿಲ್ಲಿಸಬಹುದು. ವಿಮಾನವನ್ನು ಅಣ್ಣಿಗೇರಿಯ ಮೇಲೆ ಮೂರು ಸಾವಿರ ಅಡಿ ಎತ್ತರದಲ್ಲಿ ನಿಲ್ಲಿಸಲು ಬರುವುದಿಲ್ಲ. ಆದರೆ ಇದ್ದ ಅರ್ಥಕ್ಕಿಂತ ಅಭ್ಯಾಸಬಲವೇ ಹೆಚ್ಚು ಎಂಬುದು ನನ್ನ ಅಭಿಪ್ರಾಯ. ಜಗತ್ತಿನ ಬೇರೆ ಬೇರೆ ದೇಶಗಳು ಕಳೆದ ಮೂವತ್ತು ವರ್ಷಗಳಲ್ಲಿ ಈ ಪ್ರಶ್ನೆಯನ್ನು ಮತ್ತೆ ಮತ್ತೆ ಬಿಚ್ಚಿ ನೋಡಿವೆ. ನಾವೂ ನೋಡಬೇಕಾದ ಹೊತ್ತು ಬಂದಿದೆ. ಧಾರವಾಡ ಜಿಲ್ಲೆಯ ಹಳ್ಳಿಗಳಲ್ಲಿ ಸ್ವಂತ ವಿಮಾನ ಹುಡುಕುವುದು ಬೇಡ. ಆದರೆ ಹಾರಾಟವೆಂಬುದು ಈ ಹೊಲಗಳ ತನಕ ಬಂದಾಗಿದೆ. ಡ್ರೋನು ಬಂತು. ಧಾರವಾಡದಿಂದ ಎರಡು ತಾಸಿನೊಳಗಿನ ಬೆಳಗಾವಿಯ ಸಾಂಬ್ರಾ ನಿಲ್ದಾಣದಲ್ಲಿ ತರಬೇತಿ ಶಾಲೆಗಳಿಗೆ 2021ರಲ್ಲಿ ಜಾಗ ಹಂಚಿಕೆಯಾಯಿತು. ಮೊದಲಾದರೆ ಬೆಂಗಳೂರಿನ ಜಕ್ಕೂರಿನಂಥ ದೂರದ ಶಾಲೆಗಳೇ ಗತಿಯಾಗಿದ್ದವು.

ಖಾಸಗಿ ಪೈಲಟ್ ಲೈಸೆನ್ಸ್ ಅಂದರೆ ಏನೆಂದು ಎರಡು ಮಾತು. 17 ವರ್ಷ ತುಂಬಿರಬೇಕು, ಹತ್ತನೇ ತರಗತಿ ಆಗಿರಬೇಕು, ಕನಿಷ್ಠ 40 ಗಂಟೆ ಹಾರಾಟವಾಗಿರಬೇಕು. ಈ ಲೈಸೆನ್ಸಿನ ಮೇಲೆ ಸಂಬಳಕ್ಕೆ, ಬಾಡಿಗೆಗೆ ಹಾರಿಸುವಂತಿಲ್ಲ. ಸ್ವಂತ ಖುಷಿಗೆ ಮಾತ್ರ. ವಯಸ್ಸಿನ ಮೇಲ್ಮಿತಿ ಇಲ್ಲ. ಭಾರತದ ಮೊದಲ ಪೈಲಟ್ ಲೈಸೆನ್ಸನ್ನು 1929ರಲ್ಲಿ ಪಡೆದ ಜೆ.ಆರ್.ಡಿ. ಟಾಟಾ 1932ರಲ್ಲಿ ಕರಾಚಿಯಿಂದ ಮುಂಬಯಿಗೆ ಟಪಾಲು ವಿಮಾನ ತಂದರು. ಅಲ್ಲಿಂದ ಮುಂದೆ ಅದೇ ಟಪಾಲು ನಮ್ಮ ಬಳ್ಳಾರಿಯ ಮೇಲೆ ಹಾದು ಮದ್ರಾಸಿಗೆ ಹೋಯಿತು. 50 ವರ್ಷ ತುಂಬಿದ ನೆನಪಿಗೆ 1982ರಲ್ಲಿ, ತಮ್ಮ 78ನೇ ವಯಸ್ಸಿನಲ್ಲಿ, ಅವರು ಅದೇ ದಾರಿಯನ್ನು ಮತ್ತೆ ಹಾರಿಸಿದರು. ಮುದಿತನ ಅಡ್ಡಿಯಲ್ಲ, ತಪಾಸಣೆಯಲ್ಲಿ ಪಾಸಾದರೆ ಸರಿ. ಖಾಸಗಿ ಪೈಲಟ್‌ಗೆ ಬೇಕಾದದ್ದು ಎರಡನೇ ದರ್ಜೆಯ ವೈದ್ಯಕೀಯ ಸರ್ಟಿಫಿಕೇಟ್. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಎಲ್ಲರೂ ಹೇಳುವಂತೆ ಡಿಜಿಸಿಎ, ನೇಮಿಸಿದ ವೈದ್ಯರು ಇದನ್ನು ಮಾಡುತ್ತಾರೆ. ವಿಮಾನ ವೈದ್ಯಶಾಸ್ತ್ರದಲ್ಲಿ ಕರ್ನಾಟಕ ಬಡ ರಾಜ್ಯವೇನಲ್ಲ. ವಾಯುಪಡೆಯ ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್ 1957ರಿಂದ ಬೆಂಗಳೂರಿನಲ್ಲೇ ಇದೆ.

ಈ ಎಲ್ಲ ತಪಾಸಣೆಯ ಹಿಂದೆ ಕೂತಿರುವ ಪ್ರಶ್ನೆ ಒಂದೇ. ಹಾರುವಾಗ ಈ ಮನುಷ್ಯ ಇದ್ದಕ್ಕಿದ್ದಂತೆ ಕೈಬಿಡುವ ಸಂಭವ ಎಷ್ಟು? 1980ರ ದಶಕದಲ್ಲಿ ಬ್ರಿಟನ್ನಿನ ಹೃದ್ರೋಗ ತಜ್ಞರು ಕೂತು ಇದಕ್ಕೊಂದು ಲೆಕ್ಕ ಹಾಕಿದರು, ಅದಕ್ಕೆ ‘ಒಂದು ಪರ್ಸೆಂಟ್ ನಿಯಮ’ ಎಂಬ ಹೆಸರು ಬಿತ್ತು. ಒಂದು ಕಾಯಿಲೆಯಿರುವ ನೂರು ಪೈಲಟ್‌ಗಳಲ್ಲಿ ವರ್ಷಕ್ಕೆ ಒಬ್ಬನಿಗಿಂತ ಹೆಚ್ಚು ಜನ ಹಠಾತ್ತಾಗಿ ಕೆಡುವುದಿಲ್ಲವಾದರೆ, ಇಬ್ಬರು ಪೈಲಟ್ ಇರುವ ವಿಮಾನದಲ್ಲಿ ಅಂಥವರನ್ನು ಕೂರಿಸಬಹುದು. ಖಾಸಗಿ ಹಾರಾಟಕ್ಕೆ ಎರಡು ಪರ್ಸೆಂಟಿನವರೆಗೂ ನಡೆದೀತು ಎನ್ನುವವರಿದ್ದಾರೆ.

ಕಾಗದ ಪೆನ್ಸಿಲ್ ಹಿಡಿದು ಕೂತರೆ ಈ ನಿಯಮದೊಳಗಿನ ಮಜಾ ಕಾಣುತ್ತದೆ. ವರ್ಷಕ್ಕೆ 8,760 ಗಂಟೆ. ಹವ್ಯಾಸಕ್ಕೆ ಹಾರಿಸುವವನು ವರ್ಷಕ್ಕೆ 50 ಗಂಟೆ ಹಾರಿಸಿದರೆ ದೊಡ್ಡದು. ಅವನಿಗೆ ವರ್ಷದಲ್ಲಿ ಹಠಾತ್ ಕುಸಿಯುವ ಸಂಭವ ಶೇ 2 ಇದ್ದರೆ, ಅದು ಆಕಾಶದಲ್ಲಿರುವಾಗಲೇ ಒದಗುವ ಸಂಭವ 8,760ರಲ್ಲಿ ಒಂದು. ಈಗ ಅದೇ ಶೇ 2ರ ಮನುಷ್ಯನನ್ನು ಬಸ್ಸಿನಲ್ಲಿ ಕೂರಿಸಿ. ದಿನಕ್ಕೆ ಎಂಟು ಗಂಟೆ, ವರ್ಷಕ್ಕೆ 300 ದಿನ, ಒಟ್ಟು 2,400 ಗಂಟೆ. ಸ್ಟೇರಿಂಗ್ ಹಿಡಿದಾಗಲೇ ಕುಸಿಯುವ ಸಂಭವ ಸುಮಾರು 182ರಲ್ಲಿ ಒಂದು. ಹಿಂದೆ ಐವತ್ತು ಜನ ಕೂತಿರುತ್ತಾರೆ, ಎದುರಿಗೆ ಸಂತೆ ಮುಗಿಸಿ ಬರುವ ಎತ್ತಿನ ಗಾಡಿ, ಬೈಕು, ಶಾಲೆ ಮಕ್ಕಳು. ಪುಟ್ಟ ವಿಮಾನದೊಳಗಿರುವುದು ಎರಡೋ ನಾಲ್ಕೋ ಸೀಟು, ಕೆಳಗೆ ಬಹುಪಾಲು ಎರಿ ಹೊಲ. ಲೆಕ್ಕವೊಂದೇ ಸತ್ಯವಲ್ಲ, ಬಸ್ಸಿನ ಚಾಲಕ ಕುಸಿದಾಗಲೆಲ್ಲ ಅಪಘಾತವಾಗುವುದೂ ಇಲ್ಲ. ಆದರೂ ಭಯ ಎಲ್ಲಿದೆ, ಅಪಾಯ ಎಲ್ಲಿದೆ ಎಂಬ ಎರಡು ಬೇರೆ ಸಂಗತಿಗಳು ಇಲ್ಲಿ ಬೇರ್ಪಟ್ಟು ನಿಲ್ಲುತ್ತವೆ.

ಸಕ್ಕರೆ ಕಾಯಿಲೆಯಿಂದಲೇ ಶುರು ಮಾಡೋಣ, ನಮ್ಮಲ್ಲಿ ಅದಕ್ಕೇನೂ ಬರವಿಲ್ಲ. ಐಸಿಎಂಆರ್-ಇಂಡಿಯಾಬ್ ಅಧ್ಯಯನ 2023ರಲ್ಲಿ ಪ್ರಕಟಿಸಿದ ಅಂದಾಜಿನಂತೆ ದೇಶದ ವಯಸ್ಕರಲ್ಲಿ ಶೇ 11.4 ಜನರಿಗೆ ಸಕ್ಕರೆ ಕಾಯಿಲೆ, ಶೇ 35.5 ಜನರಿಗೆ ರಕ್ತದೊತ್ತಡ. ಪೈಲಟ್‌ಗೆ ರಕ್ತದಲ್ಲಿ ಸಕ್ಕರೆ ಏರುವುದಕ್ಕಿಂತ ಇಳಿಯುವುದೇ ಹೆಚ್ಚು ಅಪಾಯ. ಇಳಿದಾಗ ಮೊದಲು ಕೆಡುವುದು ವಿವೇಚನೆ. ತನಗೇನೋ ಆಗುತ್ತಿದೆ ಎಂಬುದೇ ಆ ಮನುಷ್ಯನಿಗೆ ತಿಳಿಯುವುದಿಲ್ಲ. ಪಥ್ಯದಿಂದ, ಮಾತ್ರೆಯಿಂದ ಹತೋಟಿಯಲ್ಲಿದ್ದರೆ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ, ಅಂದರೆ ಐಸಿಎಒದ, ಮಾನದಂಡ ಹಾರಲು ಬಿಡುತ್ತದೆ. ಇನ್ಸುಲಿನ್ ಬಂದ ಕೂಡಲೇ ಅನರ್ಹ. ಭಾರತ ಅನುಸರಿಸುವುದು ಈ ಮಾನದಂಡವನ್ನೇ.

ಈ ಗೋಡೆಯನ್ನು ಮೊದಲು ಕೆಡವಿದ್ದು ಅಮೆರಿಕ. 1996ರಲ್ಲಿ ಅಲ್ಲಿನ ವಿಮಾನಯಾನ ಆಡಳಿತ, ಎಫ್‌ಎಎ, ಇನ್ಸುಲಿನ್ ಪಡೆಯುವ ಖಾಸಗಿ ಪೈಲಟ್‌ಗಳಿಗೆ ಷರತ್ತಿನ ಮೇಲೆ ಅನುಮತಿ ಕೊಟ್ಟಿತು. ಅದರ ಫಲವನ್ನು ಲೋಕಕ್ಕೆ ತೋರಿಸಿದವರು ಡಗ್ಲಸ್ ಕೇರ್ನ್ಸ್. ಬ್ರಿಟನ್ನಿನ ವಾಯುಪಡೆಯಲ್ಲಿ ಹಾರಾಟ ಕಲಿಸುತ್ತಿದ್ದ ಇವರಿಗೆ 1989ರಲ್ಲಿ, 25ನೇ ವಯಸ್ಸಿನಲ್ಲಿ, ಮೊದಲ ಬಗೆಯ ಸಕ್ಕರೆ ಕಾಯಿಲೆ ಎಂದು ಗೊತ್ತಾಯಿತು, ಕೆಲಸ ಹೋಯಿತು. ಹತ್ತು ವರ್ಷ ನೆಲದ ಮೇಲಿದ್ದರು. ಆಮೇಲೆ ಅಮೆರಿಕದ ನಿಯಮದಡಿ ಖಾಸಗಿ ಲೈಸೆನ್ಸ್ ಪಡೆದು, 2002ರಲ್ಲಿ ಹೊರಟು 2003ರಲ್ಲಿ ಎರಡು ಎಂಜಿನ್ನಿನ ಬೀಚ್ ಬ್ಯಾರನ್ ವಿಮಾನದಲ್ಲಿ ಭೂಮಿಯನ್ನೇ ಸುತ್ತಿ ಬಂದರು. ತಮ್ಮದೇ ದೇಶದಲ್ಲಿ ಕೂರಲು ಬಿಡದ ಸೀಟಿನಲ್ಲಿ ಕೂತು ಜಗತ್ತು ಸುತ್ತಿದ ಈ ಮನುಷ್ಯನನ್ನು ಕಂಡ ಮೇಲೂ ಬ್ರಿಟನ್ ಬಾಗಿಲು ತೆರೆದದ್ದು 2012ರಲ್ಲಿ. ತೆರೆದಾಗ ಮಾತ್ರ ಅಮೆರಿಕಕ್ಕಿಂತ ಮುಂದೆ ಹೋಯಿತು: ಇನ್ಸುಲಿನ್ ಪಡೆಯುವವರು ಪ್ರಯಾಣಿಕರ ವಿಮಾನವನ್ನೂ ಹಾರಿಸಬಹುದು ಎಂದಿತು. ಐರ್ಲೆಂಡ್, ಆಸ್ಟ್ರಿಯಾ ಜೊತೆ ಸೇರಿದವು. ಅಮೆರಿಕ ವಾಣಿಜ್ಯ ಪೈಲಟ್‌ಗಳಿಗೆ ಇದನ್ನು ಒಪ್ಪಿದ್ದು 2019ರಲ್ಲಿ.

ಬ್ರಿಟನ್ನಿನ ಆ ಪದ್ಧತಿಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಪೈಲಟ್ ಹಾರುವ ಮುಂಚೆ ಬೆರಳು ಚುಚ್ಚಿ ಒಂದು ಹನಿ ರಕ್ತವನ್ನು ಪಟ್ಟಿಯ ಮೇಲಿಡುತ್ತಾನೆ. ಆಮೇಲೆ ಹಾರಾಟದುದ್ದಕ್ಕೂ ಗಂಟೆಗೊಮ್ಮೆ, ಇಳಿಯುವ ಮುಂಚಿನ ಅರ್ಧ ಗಂಟೆಯೊಳಗೆ ಮತ್ತೊಮ್ಮೆ. ನಮ್ಮ ಲ್ಯಾಬಿನವರ ಲೆಕ್ಕದಲ್ಲಿ 90ರಿಂದ 270ರ ನಡುವೆ ಬಂದರೆ ಹಸಿರು, ಮುಂದೆ ಹಾರು. 90ಕ್ಕಿಂತ ಕೆಳಗಿಳಿದರೆ ಹಳದಿ. ಹತ್ತು ಹದಿನೈದು ಗ್ರಾಂ ಸಕ್ಕರೆ ಬಾಯಿಗೆ ಹಾಕಿಕೊಂಡು ಅರ್ಧ ಗಂಟೆಯೊಳಗೆ ಮತ್ತೆ ಚುಚ್ಚಿ ನೋಡು. 72ಕ್ಕಿಂತ ಕೆಳಗೆ ಹೋದರೆ ಕೆಂಪು. ನಿಯಂತ್ರಣವನ್ನು ಪಕ್ಕದ ಪೈಲಟ್‌ಗೆ ಒಪ್ಪಿಸು. ವಿಪರೀತ ಏರಿದರೂ ಇದೇ ಕ್ರಮ. ಪ್ರತಿ ಅಳತೆಯೂ ದಾಖಲಾಗುತ್ತದೆ. 2020ರಲ್ಲಿ ಪ್ರಕಟವಾದ ವರದಿಯಲ್ಲಿ 49 ಪೈಲಟ್‌ಗಳ 38 ಸಾವಿರಕ್ಕೂ ಮಿಕ್ಕಿದ ಅಳತೆಗಳಿದ್ದವು. ಶೇ 97ಕ್ಕೂ ಹೆಚ್ಚು ಹಸಿರಿನಲ್ಲೇ ಇದ್ದವು, ಸಕ್ಕರೆಯಿಂದಾಗಿ ಯಾವ ಪೈಲಟ್ಟೂ ಹಾರಾಟದಲ್ಲಿ ಕುಸಿಯಲಿಲ್ಲ. ಕಾಯಿಲೆಯ ಹೆಸರು ಕೇಳಿ ಬಾಗಿಲು ಹಾಕುವುದಕ್ಕೂ ಕಾಯಿಲೆಯನ್ನು ಗಂಟೆಗೊಮ್ಮೆ ಅಳೆಯುವುದಕ್ಕೂ ಇರುವ ಅಂತರ ಇದು. ಈಗ ತೋಳಿಗೆ ಅಂಟಿಸಿಕೊಳ್ಳುವ ಸೆನ್ಸರ್ ಬಂದು ಬೆರಳು ಚುಚ್ಚುವ ಕೆಲಸವನ್ನೂ ಹಗುರ ಮಾಡಿದೆ.

ಮೂರ್ಛೆರೋಗದ ಕತೆ ಬೇರೆ. ಇಲ್ಲಿ ಅಳೆಯಲು ಹನಿ ರಕ್ತವಿಲ್ಲ, ಮುನ್ಸೂಚನೆಯೂ ಬಹಳ ಜನರಿಗೆ ಇರುವುದಿಲ್ಲ. ಮೂರ್ಛೆರೋಗದ ಇತಿಹಾಸ ಖಚಿತವಾಗಿದ್ದರೆ ಐಸಿಎಒ ಯಾವ ದರ್ಜೆಗೂ ಒಪ್ಪುವುದಿಲ್ಲ. ಆಕಾಶದ ಮಟ್ಟಿಗೆ ಈ ಕಟ್ಟುನಿಟ್ಟು ನನಗೆ ಸರಿಯೆಂದೇ ತೋರುತ್ತದೆ. ತಕರಾರಿರುವುದು ನೆಲದ ಮೇಲಿನ ನಿಯಮದ ಬಗ್ಗೆ. ಬ್ರಿಟನ್ನಿನಲ್ಲಿ ಒಂದು ವರ್ಷ ಫಿಟ್ಸ್ ಬರದಿದ್ದರೆ ಕಾರಿನ ಲೈಸೆನ್ಸ್ ಮರಳಿ ಸಿಗುತ್ತದೆ. ನಮ್ಮ ನಮೂನೆಯಲ್ಲಿ ‘ಇಷ್ಟು ವರ್ಷ ಬಂದಿಲ್ಲ’ ಎಂದು ಹೇಳಿಕೊಳ್ಳಲು ಜಾಗವೇ ಇಲ್ಲ. ಚಿಕ್ಕಂದಿನಲ್ಲಿ ಎರಡು ಸಲ ಫಿಟ್ಸ್ ಬಂದು, ಇಪ್ಪತ್ತು ವರ್ಷ ಚೆನ್ನಾಗಿರುವವನಿಗೂ, ಮೊನ್ನೆ ಸಂತೆಯಲ್ಲಿ ಬಿದ್ದವನಿಗೂ ಒಂದೇ ಪ್ರಶ್ನೆ, ಒಂದೇ ಉತ್ತರದ ಡಬ್ಬಿ.

ಹಳ್ಳಿಯಲ್ಲಿ ಈ ರೋಗ ಹತೋಟಿಗೆ ಬರುವುದಿಲ್ಲ ಎನ್ನುವಂತೆಯೂ ಇಲ್ಲ. ಬೆಂಗಳೂರಿನ ನರರೋಗ ತಜ್ಞ ಡಾ. ಕೆ.ಎಸ್. ಮಣಿ ಮತ್ತು ಸಂಗಡಿಗರು ಯಳಂದೂರಿನಲ್ಲಿ ಮಾಡಿದ ಅಧ್ಯಯನ 2001ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ಅತಿ ಅಗ್ಗದ ಎರಡು ಹಳೆಯ ಮಾತ್ರೆಗಳು, ಫಿನೋಬಾರ್ಬಿಟಾಲ್ ಮತ್ತು ಫೆನಿಟಾಯಿನ್, ಹಳ್ಳಿಯ ಮಟ್ಟದಲ್ಲೇ ಬಹುಪಾಲು ರೋಗಿಗಳಿಗೆ ಸಾಕಾಗುತ್ತವೆ ಎಂಬುದನ್ನು ಅದು ತೋರಿಸಿತು. ಸರಿಯಾದ ಚಿಕಿತ್ಸೆ ಸಿಕ್ಕರೆ ನೂರರಲ್ಲಿ ಎಪ್ಪತ್ತು ಜನ ಫಿಟ್ಸ್ ಇಲ್ಲದೆ ಬದುಕಬಹುದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಕಲಘಟಗಿಯಿಂದಲೋ ಕುಂದಗೋಳದಿಂದಲೋ ಧಾರವಾಡದ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ ಡಿಮ್ಹಾನ್ಸ್‌ಗೆ ಬಸ್ಸಿನಲ್ಲಿ ಬೆಳಿಗ್ಗೆ ಹೋಗಿ ಸಂಜೆ ಬರಬಹುದು. ಆದರೂ ಲೈಸೆನ್ಸ್ ಹೋಗುತ್ತದೆ, ಹೆಣ್ಣು ಕೊಡುವುದಿಲ್ಲ, ಗಂಡು ಸಿಗುವುದಿಲ್ಲ ಎಂಬ ಹೆದರಿಕೆಗೆ ಮಾತ್ರೆಯನ್ನು ಕದ್ದು ನುಂಗುವವರು, ನುಂಗದೆ ಬಿಡುವವರು ನಮ್ಮಲ್ಲಿ ಇದ್ದೇ ಇದ್ದಾರೆ. ಮಾತ್ರೆ ಬಿಟ್ಟು ಬೈಕ್ ಹತ್ತಿದವನೇ ಎಲ್ಲರಿಗಿಂತ ಅಪಾಯಕಾರಿ ಎಂಬುದನ್ನು ನಿಯಮ ಬರೆದವರು ಯೋಚಿಸಿದಂತಿಲ್ಲ.

ಹೃದಯದ ಮಾತಿಗೆ ಬಂದರೆ ದೊಡ್ಡ ಉದಾಹರಣೆಗಳು ಬಾಹ್ಯಾಕಾಶದಲ್ಲೇ ಸಿಗುತ್ತವೆ. ಅಮೆರಿಕದ ಮೊದಲ ಏಳು ಗಗನಯಾತ್ರಿಗಳಲ್ಲಿ ಒಬ್ಬರಾದ ಡೀಕ್ ಸ್ಲೇಟನ್‌ಗೆ ಹೃದಯದ ಬಡಿತ ಲಯ ತಪ್ಪುವ ತೊಂದರೆಯಿತ್ತು. 1962ರಲ್ಲಿ, ಇನ್ನೇನು ಹಾರಬೇಕೆನ್ನುವಾಗ, ಅವರನ್ನು ಕೆಳಗಿಳಿಸಿದರು. ಗಗನನೌಕೆಯ ಮಾತು ಹಾಗಿರಲಿ, ಸಾಮಾನ್ಯ ಜೆಟ್ ವಿಮಾನವನ್ನೂ ಒಬ್ಬರೇ ಹಾರಿಸುವಂತಿರಲಿಲ್ಲ, ಪಕ್ಕದಲ್ಲಿ ಇನ್ನೊಬ್ಬ ಪೈಲಟ್ ಬೇಕಿತ್ತು. ಹತ್ತು ವರ್ಷ ಪಟ್ಟು ಬಿಡದೆ ತಪಾಸಣೆಗಳನ್ನು ಎದುರಿಸಿ 1972ರಲ್ಲಿ ಮತ್ತೆ ಅರ್ಹರಾದರು, 1975ರಲ್ಲಿ ಅಪೋಲೊ-ಸೋಯುಜ್ ಯಾನದಲ್ಲಿ ಹಾರಿದರು. ಅದೇ ಏಳು ಜನರಲ್ಲಿ ಇನ್ನೊಬ್ಬರಾದ ಅಲನ್ ಶೆಪರ್ಡ್‌ಗೆ ತೊಂದರೆ ಹೃದಯದ್ದಲ್ಲ, ಒಳಗಿವಿಯ ಕಾಯಿಲೆಯಿಂದ ತಲೆಸುತ್ತು. ಶಸ್ತ್ರಚಿಕಿತ್ಸೆಯಾದ ಮೇಲೆ 1971ರಲ್ಲಿ ಚಂದ್ರನ ಮೇಲೆ ನಡೆದರು. ಸ್ಲೇಟನ್‌ಗೆ ಹಾಕಿದ ‘ಪಕ್ಕದಲ್ಲೊಬ್ಬ’ ಎಂಬ ಷರತ್ತು ಇವತ್ತು ಯುರೋಪಿನ ಖಾಸಗಿ ಪೈಲಟ್‌ಗಳಿಗೆ ಮಾಮೂಲಿ ಉಪಾಯ. ಹೃದಯಾಘಾತ, ಸ್ಟೆಂಟ್, ಬೈಪಾಸ್ ಆದವರನ್ನು ಅಲ್ಲಿ ಕನಿಷ್ಠ ಆರು ತಿಂಗಳು ಕೂರಿಸಿ, ನಡೆಸಿ ಓಡಿಸಿ ಇಸಿಜಿ ತೆಗೆದು, ಹೃದಯ ಎಷ್ಟು ರಕ್ತ ಒತ್ತುತ್ತದೆ ಎಂದು ನೋಡಿ, ಆಮೇಲೆ ಬಿಡುತ್ತಾರೆ. ಕೆಲವರಿಗೆ ಪೂರ್ಣ ಅನುಮತಿ, ಕೆಲವರಿಗೆ ಜೊತೆಗಾರನಿದ್ದರೆ ಮಾತ್ರ.

ಕ್ಯಾನ್ಸರ್ ಎಂದ ಕೂಡಲೇ ನಮ್ಮಲ್ಲಿ ಎಲ್ಲ ಮುಗಿಯಿತು ಎನ್ನುವ ಮನೋಭಾವ ಇನ್ನೂ ಹೋಗಿಲ್ಲ. ವಿಮಾನ ವೈದ್ಯರು ಹಾಗೆ ಯೋಚಿಸುವುದಿಲ್ಲ. ಅವರ ಪ್ರಶ್ನೆಗಳು ಬೇರೆ: ಅದು ಮಿದುಳಿಗೆ ಹರಡುವ ಜಾತಿಯೆ? ಹರಡಿದರೆ ಮೊದಲ ಲಕ್ಷಣವೇ ಫಿಟ್ಸ್ ಆಗಬಹುದಲ್ಲ. ಕೀಮೋ ನಡೆಯುತ್ತಿದೆಯೆ, ರಕ್ತ ಕಡಿಮೆಯಾಗಿದೆಯೆ, ನೋವಿಗೆ ಏನು ನುಂಗುತ್ತಿದ್ದಾರೆ? ಚಿಕಿತ್ಸೆ ಮುಗಿದು ಹತೋಟಿಯಲ್ಲಿರುವ ಸ್ತನ, ಕರುಳು, ಪ್ರಾಸ್ಟೇಟ್ ಕ್ಯಾನ್ಸರ್‌ನಂಥವುಗಳಲ್ಲಿ ಅಮೆರಿಕದಲ್ಲಿ ಸ್ಥಳೀಯ ಪರೀಕ್ಷಕ ವೈದ್ಯರೇ ಸರ್ಟಿಫಿಕೇಟ್ ಕೊಡಬಹುದು, ಕಡತ ಎಫ್‌ಎಎ ಕಚೇರಿಗೆ ಹೋಗಬೇಕಿಲ್ಲ.

ನಮ್ಮ ಕಡೆಯ ಹುಡುಗಿಗೆ ಅಡ್ಡ ಬರುವುದು ಬಹುಶಃ ಇಂಥ ದೊಡ್ಡ ಹೆಸರಿನ ಕಾಯಿಲೆಗಳಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಂತೆ ಕರ್ನಾಟಕದ 15ರಿಂದ 49ರ ಹೆಣ್ಣುಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ರಕ್ತಹೀನತೆ. ಎಂಟು ಸಾವಿರ ಅಡಿಯಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಮುಕ್ಕಾಲಿಗೆ ಇಳಿದಿರುತ್ತದೆ. ರಕ್ತವೇ ತೆಳುವಾಗಿದ್ದರೆ ಇರುವ ಆಮ್ಲಜನಕವನ್ನು ಹೊರುವವರು ಯಾರು? ಹುಬ್ಬಳ್ಳಿ ನಿಲ್ದಾಣವೇ ಸುಮಾರು 2,170 ಅಡಿ ಎತ್ತರದಲ್ಲಿದೆ. ಕಬ್ಬಿಣದ ಮಾತ್ರೆ, ಸೊಪ್ಪು, ಶೇಂಗಾ ಬೆಲ್ಲ ಕೆಲವು ತಿಂಗಳಲ್ಲಿ ಇದನ್ನು ಸರಿಪಡಿಸಬಹುದು, ಆದರೆ ತಪಾಸಣೆಯ ಹಿಂದಿನ ವಾರ ನೆನಪಾದರೆ ಆಗುವುದಿಲ್ಲ. ಇನ್ನೊಂದು ಮೂತ್ರಪಿಂಡದ ಹರಳು. ಏಪ್ರಿಲ್ ಬಿಸಿಲಲ್ಲಿ ಎಸಿ ಇಲ್ಲದ ಪುಟ್ಟ ಕಾಕ್‌ಪಿಟ್ಟಿನಲ್ಲಿ ಬೆವರಿ, ಮೂತ್ರಕ್ಕೆ ಹೋಗಬೇಕಾದೀತೆಂದು ನೀರು ಕುಡಿಯದೆ ಹಾರುವವರಿಗೆ ಇದು ನಿಜವಾದ ಶತ್ರು. ಹರಳು ಜಾರಿದಾಗಿನ ನೋವು ಗೊತ್ತಿದ್ದವರು ಆ ಸ್ಥಿತಿಯಲ್ಲಿ ವಿಮಾನ ಇಳಿಸುವ ಮಾತು ಆಡಲಾರರು.

ಶೀತದ ಮಾತ್ರೆಯ ಬಗ್ಗೆ ಹೇಳದೆ ಮುಂದೆ ಹೋಗಲಾಗದು. ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ ಅಪಘಾತದಲ್ಲಿ ಸತ್ತ ಪೈಲಟ್‌ಗಳ ದೇಹದಲ್ಲಿ ಸಿಕ್ಕ ಔಷಧಗಳನ್ನು ಪರಿಶೀಲಿಸಿ 2014ರಲ್ಲಿ ವರದಿ ಕೊಟ್ಟಿತು. ಮಂಪರು ತರಬಲ್ಲ ಔಷಧಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಸಿಕ್ಕಿದ್ದು ಗಾಂಜಾ ಅಲ್ಲ, ಅಫೀಮೂ ಅಲ್ಲ; ಚೀಟಿಯಿಲ್ಲದೆ ಅಂಗಡಿಯಲ್ಲಿ ಸಿಗುವ ಡೈಫೆನ್‌ಹೈಡ್ರಮೀನ್ ಎಂಬ ಅಲರ್ಜಿ-ಶೀತದ ಔಷಧ. ನಮ್ಮ ಮೆಡಿಕಲ್ ಶಾಪಿನಲ್ಲಿ ‘ನೆಗಡಿಗೆ ಏನರ ಕೊಡ್ರಿ’ ಎಂದರೆ ಕೈಗೆ ಬರುವ ಬಹುತೇಕ ಮಾತ್ರೆಗಳೂ ಅದೇ ಕುಲದವು. ದೊಡ್ಡ ರೋಗದವನನ್ನು ಹೊರಗಿಟ್ಟು, ಮೂಗು ಸೋರುತ್ತ ಮಾತ್ರೆ ನುಂಗಿ ಬಂದವನನ್ನು ಒಳಗೆ ಬಿಡುವ ವ್ಯವಸ್ಥೆಯನ್ನು ಸುರಕ್ಷಿತ ಎನ್ನುವುದು ಹೇಗೆ?

ಎಲ್ಲಕ್ಕಿಂತ ಜಟಿಲವಾದದ್ದು ಮನಸ್ಸು. 2015ರ ಮಾರ್ಚ್ 24ರಂದು ಜರ್ಮನ್‌ವಿಂಗ್ಸ್ ವಿಮಾನವನ್ನು ಅದರ ಸಹಪೈಲಟ್ ಬೇಕೆಂದೇ ಆಲ್ಪ್ಸ್ ಪರ್ವತಕ್ಕೆ ಅಪ್ಪಳಿಸಿದ. 150 ಜನ ಸತ್ತರು. ಕೆಲಸಕ್ಕೆ ಹೋಗಬೇಡ ಎಂದು ವೈದ್ಯರು ಕೊಟ್ಟ ಚೀಟಿಯನ್ನು ಆತ ಕಂಪನಿಯಿಂದ ಮುಚ್ಚಿಟ್ಟಿದ್ದ. ಇಂಥದ್ದಾದಾಗ ಎಲ್ಲರೂ ಕೇಳುವುದು ಇನ್ನಷ್ಟು ಬಿಗಿ ನಿಯಮ. ಆದರೆ ಮುಚ್ಚಿಡುವುದು ಯಾಕೆ? ಹೇಳಿದರೆ ಎಲ್ಲ ಹೋಗುತ್ತದೆ ಎಂಬ ಕಾರಣಕ್ಕೆ. ಅಮೆರಿಕದಲ್ಲಿ 2022ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯಲ್ಲಿ ಅರ್ಧಕ್ಕೂ ಹೆಚ್ಚು ಪೈಲಟ್‌ಗಳು, ಮೆಡಿಕಲ್ ಹೋದೀತೆಂಬ ಹೆದರಿಕೆಯಿಂದ ವೈದ್ಯರಿಂದ ದೂರ ಉಳಿದದ್ದನ್ನೋ ವಿಷಯ ಮರೆಮಾಚಿದ್ದನ್ನೋ ಒಪ್ಪಿಕೊಂಡಿದ್ದರು. ಇದನ್ನರಿತೇ ಎಫ್‌ಎಎ 2010ರಲ್ಲಿ ಖಿನ್ನತೆಯ ನಾಲ್ಕು ಔಷಧಗಳನ್ನು ಷರತ್ತಿನ ಮೇಲೆ ಒಪ್ಪಿತು. ಮಾತ್ರೆ ನುಂಗಿ ನಿದ್ದೆ ಮಾಡಿ ಎದ್ದು ಬಂದ ಪೈಲಟ್, ಮಾತ್ರೆಯೂ ಇಲ್ಲದೆ ನಿದ್ದೆಯೂ ಇಲ್ಲದೆ ಬಂದವನಿಗಿಂತ ಮೇಲು ಎಂಬ ಸರಳ ವಿವೇಕ ಅದು.

ನಿಯಮವೇ ಸುಳ್ಳು ಕಲಿಸುವುದಕ್ಕೆ ಇನ್ನೂ ಚೆಂದದ ಉದಾಹರಣೆ ಅಮೆರಿಕದ್ದೇ. 2004ರಲ್ಲಿ ಅವರು ಹಗುರ ವಿಮಾನಗಳಿಗೆ ‘ಸ್ಪೋರ್ಟ್ ಪೈಲಟ್’ ಎಂಬ ಲೈಸೆನ್ಸ್ ತಂದರು. ವೈದ್ಯಕೀಯ ಸರ್ಟಿಫಿಕೇಟ್ ಬೇಡ, ಕಾರಿನ ಲೈಸೆನ್ಸ್ ಇದ್ದರೆ ಸಾಕು. ಅದರ ಷರತ್ತುಗಳಲ್ಲೊಂದು: ಕೊನೆಯ ಸಲ ಮೆಡಿಕಲ್‌ಗೆ ಅರ್ಜಿ ಹಾಕಿ ತಿರಸ್ಕೃತರಾಗಿರಬಾರದು. ಅಂದರೆ ಕಾಯಿಲೆಯಿದ್ದೂ ಅರ್ಜಿ ಹಾಕದೆ ಸುಮ್ಮನಿದ್ದವನು ಹಾರಬಹುದು. ಪ್ರಾಮಾಣಿಕವಾಗಿ ತಪಾಸಣೆಗೆ ಹೋದವನು ಹಾರುವಂತಿಲ್ಲ. 2017ರ ಮೇ 1ರಿಂದ ಜಾರಿಗೆ ಬಂದ ‘ಬೇಸಿಕ್‌ಮೆಡ್’ ಸ್ವಲ್ಪ ಹೆಚ್ಚು ತೂಕದ ವ್ಯವಸ್ಥೆ. ನಾಲ್ಕು ವರ್ಷಕ್ಕೊಮ್ಮೆ ತಮ್ಮದೇ ಮನೆವೈದ್ಯರ ತಪಾಸಣೆ, ಎರಡು ವರ್ಷಕ್ಕೊಮ್ಮೆ ಆನ್‌ಲೈನ್ ಪಾಠ. ಗಂಭೀರ ಹೃದಯ, ನರ, ಮಾನಸಿಕ ಕಾಯಿಲೆಗಳಿಗೆ ಮಾತ್ರ ಒಂದು ಸಲ ವಿಶೇಷ ಅನುಮತಿ. ಹಳೆಯ ಪದ್ಧತಿಗಿಂತ ಇದರಲ್ಲಿ ಅಪಘಾತ ಹೆಚ್ಚಿದ್ದು ಕಂಡುಬಂದಿಲ್ಲ ಎಂದು ಎಫ್‌ಎಎ 2021ರಲ್ಲಿ ವರದಿ ಕೊಟ್ಟಿತು. ಬ್ರಿಟನ್ 2016ರಿಂದಲೇ ಖಾಸಗಿ ಪೈಲಟ್‌ಗಳ ಸ್ವಯಂಘೋಷಣೆಯನ್ನು ಒಪ್ಪುತ್ತಿದೆ.

ನಮ್ಮಲ್ಲಿ ಸ್ವಯಂಘೋಷಣೆ ನಡೆದೀತೆ? ನನಗೆ ಅನುಮಾನ. ನಮೂನೆ 1ಎಗೆ ಮುಖ ನೋಡದೆ ಸಹಿ ಬೀಳುವ ಊರುಗಳಲ್ಲಿ ಸ್ವಯಂಘೋಷಣೆಯನ್ನು ವಿಮಾನಕ್ಕೂ ಹಚ್ಚುವುದು ಬೇಡ. ಬೇಕಾದ್ದು ಬ್ರಿಟನ್ನಿನ ಇನ್ಸುಲಿನ್ ಪದ್ಧತಿಯಂಥದ್ದು: ಕಟ್ಟುನಿಟ್ಟಿನ ಅಳತೆ, ಹೇಳಿಕೊಂಡವನಿಗೆ ಮರಳುವ ದಾರಿ. ಡಿಜಿಸಿಎ ಬದಲಾಗುವುದೇ ಇಲ್ಲ ಎನ್ನುವಂತೆಯೂ ಇಲ್ಲ. ಕೇರಳದ ಟ್ರಾನ್ಸ್ ಪೈಲಟ್ ಆಡಮ್ ಹ್ಯಾರಿಗೆ ಹಾರ್ಮೋನ್ ಚಿಕಿತ್ಸೆಯ ಕಾರಣಕ್ಕೆ ಮೆಡಿಕಲ್ ನಿರಾಕರಣೆಯಾಗಿ ಗದ್ದಲವಾದ ಮೇಲೆ, 2022ರ ಆಗಸ್ಟ್‌ನಲ್ಲಿ ಟ್ರಾನ್ಸ್ ಅಭ್ಯರ್ಥಿಗಳ ತಪಾಸಣೆಗೆ ಪ್ರತ್ಯೇಕ ಮಾರ್ಗಸೂಚಿ ಬಂತು. ಟ್ರಾನ್ಸ್ ಆಗಿರುವುದು ಕಾಯಿಲೆಯಲ್ಲ. ಆದರೆ ‘ಸಾರಾಸಗಟು ಇಲ್ಲ’ ಎಂಬಲ್ಲಿಂದ ‘ಒಬ್ಬೊಬ್ಬರನ್ನೂ ನೋಡಿ ಹೇಳೋಣ’ ಎಂಬಲ್ಲಿಗೆ ನಿಯಮ ಸರಿಯಬಲ್ಲದು ಎಂಬುದಕ್ಕೆ ಅದೊಂದು ನಿದರ್ಶನ.

ಈ ಚರ್ಚೆಯಲ್ಲಿ ಡ್ರೋನಿಗೆ ಪಾತ್ರವಿಲ್ಲ ಎಂದುಕೊಳ್ಳಬೇಡಿ. ಕೇಂದ್ರ ಸರ್ಕಾರ 2023ರಲ್ಲಿ ಒಪ್ಪಿದ ನಮೋ ಡ್ರೋನ್ ದೀದಿ ಯೋಜನೆಯ ಗುರಿ 15,000 ಮಹಿಳಾ ಸಂಘಗಳಿಗೆ ಡ್ರೋನ್. ಬಿಸಿಲಲ್ಲಿ ನಿಂತು, ತಲೆ ಮೇಲೆತ್ತಿ, ಕರೆಂಟ್ ತಂತಿ ತಪ್ಪಿಸಿ ಔಷಧ ಹೊಡೆಯುವ ಹೆಣ್ಣುಮಗಳಿಗೆ ಸಕ್ಕರೆ ಇಳಿದು ಕಣ್ಣು ಮಂಜಾದರೆ? ರಿಮೋಟಿನ ಕಡ್ಡಿಗಳಿಂದ ಹೆಬ್ಬೆರಳು ಜಾರಿದರೆ ಅವು ತಾವಾಗಿ ನಡುವಿಗೆ ಬಂದು ನಿಲ್ಲುತ್ತವೆ, ಡ್ರೋನು ಇದ್ದಲ್ಲೇ ತೇಲುತ್ತದೆ. ಸಿಗ್ನಲ್ ಕಡಿದರೆ, ಬ್ಯಾಟರಿ ಇಳಿದರೆ ಹೊರಟ ಜಾಗಕ್ಕೆ ತಾನೇ ಮರಳುವಂತೆ ಅದನ್ನು ಹೊಂದಿಸಿರುತ್ತಾರೆ. ಚಾಲಕ ಕುಸಿದರೆ ಏನು ಎಂಬ ಪ್ರಶ್ನೆಗೆ ಇಲ್ಲಿ ಯಂತ್ರವೇ ಉತ್ತರ ಕಲಿತಿದೆ. ಇದೇ ಉತ್ತರ ವಿಮಾನಕ್ಕೂ ಬಂದಿದೆ. ಗಾರ್ಮಿನ್ ಕಂಪನಿಯ ಆಟೋಲ್ಯಾಂಡ್ ವ್ಯವಸ್ಥೆಗೆ 2020ರಲ್ಲಿ ಪೈಪರ್ ಎಂ600 ವಿಮಾನದಲ್ಲಿ ಮಾನ್ಯತೆ ಸಿಕ್ಕಿತು. ಪೈಲಟ್ ಕುಸಿದರೆ ಪ್ರಯಾಣಿಕರು ಒಂದು ಗುಂಡಿ ಒತ್ತಬೇಕು. ಹತ್ತಿರದ ನಿಲ್ದಾಣ ಆರಿಸಿ, ರೇಡಿಯೊದಲ್ಲಿ ಸುದ್ದಿ ಕೊಟ್ಟು, ವಿಮಾನ ತಾನೇ ಇಳಿದು ಬ್ರೇಕ್ ಹಾಕಿ ನಿಲ್ಲುತ್ತದೆ. ಇಂಥ ಯಂತ್ರ ಅಗ್ಗವಾದಂತೆಲ್ಲ ‘ಹಠಾತ್ ಕುಸಿತ’ದ ಮೇಲೆ ಕಟ್ಟಿದ ನಿಯಮಗಳ ಅಡಿಪಾಯವೇ ಅಲುಗುತ್ತದೆ. ಡ್ರೋನ್ ತರಬೇತಿಯಲ್ಲಿ ಮಾತ್ರ ಆರೋಗ್ಯದ ಒಂದು ಪಾಠ ಸೇರಿಸುವುದು ಕಷ್ಟವೇನಲ್ಲ: ಉಣ್ಣದೆ ಹೊಲಕ್ಕಿಳಿಯಬೇಡ, ಜೇಬಿನಲ್ಲಿ ಬೆಲ್ಲದ ಚೂರಿರಲಿ, ಜೊತೆಗೊಬ್ಬರಿರಲಿ.

ವಿಮಾನ ಕಲಿಯಬೇಕೆನ್ನುವ ಮಕ್ಕಳಿರುವ ಮನೆಯವರು ಇವತ್ತಿನ ನಿಯಮದಲ್ಲಿ ಮಾಡಬಹುದಾದದ್ದು ಇಷ್ಟು. ಶಾಲೆಗೆ ಮುಂಗಡ ಕಟ್ಟುವ ಮೊದಲು, ಹೊಲ ಅಡವಿಡುವ ಮೊದಲು, ಎರಡನೇ ದರ್ಜೆಯ ಮೆಡಿಕಲ್ ಮಾಡಿಸಿ. ವಾಣಿಜ್ಯ ಪೈಲಟ್ ಆಗುವ ಆಸೆಯಿದ್ದರೆ ಮೊದಲ ದರ್ಜೆಯದನ್ನೂ ಆಗಲೇ ಮಾಡಿಸಿ. ಅದಕ್ಕೂ ಮೂರ್ನಾಲ್ಕು ತಿಂಗಳು ಮುಂಚೆ ಹುಬ್ಬಳ್ಳಿಯಲ್ಲೋ ಧಾರವಾಡದಲ್ಲೋ ರಕ್ತ, ಸಕ್ಕರೆ, ಮೂತ್ರ, ಹೊಟ್ಟೆಯ ಸ್ಕ್ಯಾನ್, ಕಣ್ಣು ನೋಡಿಸಿಕೊಂಡು, ಸರಿಪಡಿಸಬಹುದಾದದ್ದನ್ನು ಸರಿಪಡಿಸಿಕೊಳ್ಳಿ. ಹಳೆಯ ಆಪರೇಷನ್, ಹಳೆಯ ಫಿಟ್ಸ್, ನುಂಗುತ್ತಿರುವ ಮಾತ್ರೆ ಇವುಗಳ ಕಾಗದಗಳನ್ನು ಒಂದು ಫೈಲಿನಲ್ಲಿಟ್ಟು ಎದುರಿಗಿಡಿ. ‘ತಾತ್ಕಾಲಿಕ ಅನರ್ಹ’ ಎಂದು ಬರೆದರೆ ಮರುತಪಾಸಣೆಯಲ್ಲಿ ಕೆಲಸಕ್ಕೆ ಬರುವುದು ಆ ಫೈಲೇ.